ಏಳೇ ಜೀನ್, ಎಷ್ಟೊಂದು ಕೆಲಸ

ಮನುಷ್ಯನಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳು ಸುಮಾರು 20,000. ಎಬೋಲಾ ವೈರಸ್ಸಿನಲ್ಲಿ ಇರೋದು 7. ಅಷ್ಟೇ. ಆ ಏಳನ್ನೇ ಇಟ್ಟುಕೊಂಡು ಅದು 2013ರ ಕೊನೆಯಿಂದ 2016ರವರೆಗೆ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ಗಳಲ್ಲಿ 11,000ಕ್ಕೂ ಜಾಸ್ತಿ ಜನರನ್ನು ಕೊಂದಿತು. ಸಿನಿಮಾದಲ್ಲಿ ತೋರಿಸುವ ರಕ್ತಪಾತಕ್ಕಿಂತ ನನಗೆ ಕುತೂಹಲ ಇರೋದು ಇದರಲ್ಲೇ. ಇಷ್ಟು ಕಡಿಮೆ ಸಾಮಾನು, ಇಷ್ಟೊಂದು ಕೆಲಸ, ಹೇಗೆ?

ಉತ್ತರದ ಒಂದು ಭಾಗ ವಿಪಿ40 ಅನ್ನೋ ಪ್ರೋಟೀನಿನಲ್ಲಿದೆ. ಎಬೋಲಾ ಕಣ ಗುಂಡಗಿರುವುದಿಲ್ಲ, ಉದ್ದಕ್ಕೆ ದಾರದ ಹಾಗಿರುತ್ತದೆ. ದಪ್ಪ ಸುಮಾರು 80 ನ್ಯಾನೋಮೀಟರ್. ಈ ಆಕಾರ ಕೊಡುವುದು ವಿಪಿ40. ಪ್ರಯೋಗಾಲಯದಲ್ಲಿ ಬರೀ ಈ ಒಂದು ಜೀನನ್ನು ಜೀವಕೋಶಕ್ಕೆ ಹಾಕಿದರೂ ಸಾಕು, ಎಬೋಲಾದಂಥದ್ದೇ ದಾರಗಳು ಹೊರಬರುತ್ತವೆ. ಒಳಗೆ ವೈರಸ್ಸಿನ ಜೀನ್‌ಗಳನ್ನು ಹೊತ್ತ ಆರ್‌ಎನ್‌ಎ ಇಲ್ಲ, ರೋಗವೂ ಇಲ್ಲ, ಖಾಲಿ ಕವಚ. ಹಾಗಾಗಿ ವೈರಸ್ ಹೇಗೆ ಕಟ್ಟಿಕೊಳ್ಳುತ್ತದೆ ಅಂತ ನೋಡಲು ಪ್ರತಿಸಲವೂ ಅಪಾಯದ ವೈರಸ್ಸನ್ನೇ ಮುಟ್ಟಬೇಕಾಗಿಲ್ಲ.

2013ರಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯಲ್ಲಿ ಎರಿಕಾ ಓಲ್ಮನ್ ಸಫೈರ್ ಅವರ ತಂಡ ವಿಪಿ40 ತನ್ನ ರೂಪವನ್ನೇ ಬದಲಿಸಿಕೊಳ್ಳುತ್ತದೆ ಅಂತ ತೋರಿಸಿತು. ಎರಡೆರಡು ಜೋಡಿಯಾದಾಗ ಅವು ಜೀವಕೋಶದ ಪೊರೆಯ ಒಳಬದಿಗೆ ಹೋಗಿ, ಅಲ್ಲಿ ಸಾಲುಗಟ್ಟಿ, ಒಂದಕ್ಕೊಂದು ಕೊಂಡಿ ಹಾಕಿಕೊಂಡು ಪೊರೆಯನ್ನು ಹೊರಕ್ಕೆ ತಳ್ಳುತ್ತವೆ. ಅದೇ ಪ್ರೋಟೀನು ಎಂಟೆಂಟು ಸೇರಿ ಉಂಗುರವಾದರೆ ಹೊರಗೆ ಹೋಗುವ ಮಾತೇ ಇಲ್ಲ. ಒಳಗೇ ಉಳಿದು ಆರ್‌ಎನ್‌ಎ ಹಿಡಿದುಕೊಂಡು, ವೈರಸ್ಸಿನ ಜೀನ್‌ಗಳು ಎಷ್ಟು ಕೆಲಸ ಮಾಡಬೇಕು ಅನ್ನೋದನ್ನು ನಿಯಂತ್ರಿಸುತ್ತದೆ. ನಮ್ಮ ಹಳ್ಳಿಯವರ ಟವೆಲ್ಲು ತಲೆಗೆ ಸುತ್ತಿದರೆ ರುಮಾಲು, ನೆಲಕ್ಕೆ ಹಾಸಿದರೆ ಚಾಪೆ, ಗಂಟು ಕಟ್ಟಿದರೆ ಚೀಲ ಆಗುತ್ತದಲ್ವಾ, ಹಾಗೆ. ಏಳು ಜೀನಿನಲ್ಲಿ ಸಂಸಾರ ಮಾಡೋದಕ್ಕೆ ಇಂಥ ಜಿಪುಣತನ ಬೇಕೇ ಬೇಕು.

ಇನ್ನೂ ಒಂದಿದೆ. ಪೊರೆಯಿಂದ ಹೊರಗೆ ಚಾಚಿದ ದಾರವನ್ನು ಕತ್ತರಿಸಿ ಬಿಡಿಸಿಕೊಳ್ಳುವ ಕೆಲಸವನ್ನು ವೈರಸ್ ತಾನೇ ಮಾಡುವುದಿಲ್ಲ. ಜೀವಕೋಶ ಎರಡಾಗಿ ಒಡೆಯುವಾಗ ಬಳಸುವ ಎಸ್ಕಾರ್ಟ್ ಎಂಬ ಪ್ರೋಟೀನ್ ಗುಂಪನ್ನು ಕರೆಸಿಕೊಂಡು ಅದರ ಕೈಲಿ ಮಾಡಿಸುತ್ತದೆ.

ಒಳಗೆ ಹೋಗುವಾಗಲೂ ಮೋಸವೇ. ಸಾಯುತ್ತಿರುವ ಜೀವಕೋಶ ತನ್ನ ಹೊರಮೈಯಲ್ಲಿ ಒಂದು ಬಗೆಯ ಕೊಬ್ಬನ್ನು ಗುರುತಾಗಿ ತೋರಿಸುತ್ತದೆ, ಅಕ್ಕಪಕ್ಕದ ಕೋಶಗಳು ಅದನ್ನು ನೋಡಿ ನುಂಗಿ ಹಾಕುತ್ತವೆ. ಎಬೋಲಾ ಅದೇ ಕೊಬ್ಬನ್ನು ಹೊದ್ದುಕೊಂಡು ಬರುತ್ತದೆ. ನುಂಗಿದ ಕೋಶ ತನ್ನೊಳಗಿನ ಚೀಲದಲ್ಲಿ ಅದನ್ನು ಜೀರ್ಣಿಸಲು ಹೊರಟಾಗ, ಅಲ್ಲಿನ ಕಿಣ್ವಗಳು ವೈರಸ್ಸಿನ ಹೊರಮೈಯಲ್ಲಿರುವ ಮುಳ್ಳಿನಂಥ ಪ್ರೋಟೀನ್‌ಗಳನ್ನು ಕತ್ತರಿಸುತ್ತವೆ. ವೈರಸ್ಸಿಗೆ ಬೇಕಾಗಿದ್ದೂ ಅದೇ! ಕತ್ತರಿಸಿ ಉಳಿದ ಭಾಗ ಎನ್‌ಪಿಸಿ1 ಅನ್ನೋ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಕೊಲೆಸ್ಟರಾಲ್ ಸಾಗಿಸುವುದು ಈ ಎನ್‌ಪಿಸಿ1ರ ನಿತ್ಯದ ಕೆಲಸ, ಎಬೋಲಾಗೆ ಅದೇ ಕೋಶದೊಳಕ್ಕೆ ಇಳಿಯುವ ಬಾಗಿಲು. ಇದು ಗೊತ್ತಾದದ್ದು 2011ರಲ್ಲಿ. ಹುಟ್ಟಿನಿಂದಲೇ ಎನ್‌ಪಿಸಿ1 ಕೆಟ್ಟಿರುವ ರೋಗಿಗಳ ಚರ್ಮದ ಕೋಶಗಳಿಗೆ ಪ್ರಯೋಗಾಲಯದಲ್ಲಿ ಎಬೋಲಾ ತಗುಲುವುದೇ ಇಲ್ಲ.

ಆಫ್ರಿಕಾದ ಒಂದು ಹಣ್ಣು ತಿನ್ನುವ ಬಾವಲಿಯ ಎನ್‌ಪಿಸಿ1ನಲ್ಲಿ ಒಂದೇ ಒಂದು ಅಮೈನೋ ಆಮ್ಲ, ಅಂದರೆ ಪ್ರೋಟೀನಿನ ಒಂದೇ ಒಂದು ಇಟ್ಟಿಗೆ, ಬೇರೆ ಇದೆ. ಅಷ್ಟಕ್ಕೇ ಎಬೋಲಾ ಅದರ ಕೋಶಗಳಿಗೆ ಹೊಗಲು ಒದ್ದಾಡುತ್ತದೆ. ಬಾವಲಿ ಅಂದರೆ ಎಲ್ಲವೂ ಒಂದೇ ಅಲ್ಲ. ಎಬೋಲಾದ ನೆಂಟ ಮಾರ್ಬರ್ಗ್ ವೈರಸ್ ಉಗಾಂಡಾದ ಗುಹೆಗಳ ಬೇರೊಂದು ಜಾತಿಯ ಬಾವಲಿಯಲ್ಲಿ ಆರಾಮವಾಗಿದೆ, ಬಾವಲಿಗೆ ಕಾಯಿಲೆಯ ಲಕ್ಷಣವೇ ಇಲ್ಲ. ನಮ್ಮ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ವಿಜ್ಞಾನಿಗಳು ಸೇರಿ ಮಾಡಿದ, 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ನಾಗಾಲ್ಯಾಂಡಿನ ಬಾವಲಿಗಳಲ್ಲಿ, ಅವನ್ನು ಬೇಟೆಯಾಡುವ ಕೆಲವರಲ್ಲಿ ಈ ಕುಟುಂಬದ ವೈರಸ್‌ಗಳಿಗೆ ಸ್ಪಂದಿಸುವ ಆಂಟಿಬಾಡಿ (ರೋಗಾಣುವನ್ನು ಹಿಡಿಯಲು ದೇಹ ಮಾಡಿಕೊಳ್ಳುವ ಪ್ರೋಟೀನ್) ಕಂಡಿತು. ಎಬೋಲಾ ರೋಗ ಸಿಕ್ಕಿತು ಅಂತ ಅಲ್ಲ, ಸುಮ್ನೆ ಗಾಬರಿ ಬೇಡ.

ಮನುಷ್ಯನ ಮೈಯಲ್ಲಿ ಎಬೋಲಾ ಮೊದಲು ಹಿಡಿಯುವುದು ಕಾವಲು ಕಾಯುವ ಬಿಳಿ ರಕ್ತಕಣಗಳನ್ನೇ. ಅದರ ಇನ್ನೊಂದು ಪ್ರೋಟೀನು ವಿಪಿ35, ವೈರಸ್ಸಿನ ಆರ್‌ಎನ್‌ಎ ಕಣ್ಣಿಗೆ ಬೀಳದಂತೆ ಮುಚ್ಚಿಡುತ್ತದೆ. ಮತ್ತೊಂದು ಪ್ರೋಟೀನು ವಿಪಿ24, ಅಪಾಯದ ಸಂದೇಶ ಕೋಶಕೇಂದ್ರ ತಲುಪದಂತೆ ತಡೆಯುತ್ತದೆ. ಅಷ್ಟರಲ್ಲಿ ವೈರಸ್ ಮೈಯೆಲ್ಲ ಹಬ್ಬಿರುತ್ತದೆ. ತಡವಾಗಿ ಎಚ್ಚೆತ್ತ ದೇಹ ಎಲ್ಲ ಕಡೆ ಒಟ್ಟಿಗೇ ಉರಿಯೂತ ಎಬ್ಬಿಸುತ್ತದೆ, ರಕ್ತನಾಳಗಳು ಸೋರುತ್ತವೆ, ವಾಂತಿ ಭೇದಿಯಲ್ಲಿ ನೀರೆಲ್ಲ ಹೋಗುತ್ತದೆ. ಎಷ್ಟೋ ರೋಗಿಗಳಲ್ಲಿ ರಕ್ತಸ್ರಾವ ಕಾಣಿಸುವುದೇ ಇಲ್ಲ.

ಹರಡುವ ವಿಷಯ ಬಂದರೆ ಎಬೋಲಾ ಫ್ಲೂ ತರಹ ಅಲ್ಲ. ಲಕ್ಷಣ ಬರುವ ಮುಂಚೆ ಅಂಟುವುದಿಲ್ಲ. ರಕ್ತ, ವಾಂತಿ, ಮಲ ಇವುಗಳ ಸಂಪರ್ಕ ಆಗಬೇಕು. ಹಾಗಾಗಿ ಅದಕ್ಕೆ ಸಿಗೋದು ಆರೈಕೆ ಮಾಡುವವರು, ಶವಕ್ಕೆ ಸ್ನಾನ ಮಾಡಿಸುವವರು, ನರ್ಸುಗಳು. 1976ರಲ್ಲಿ ಆಗಿನ ಜೈರ್ (ಈಗಿನ ಕಾಂಗೋ) ದೇಶದ ಯಾಂಬುಕು ಎಂಬ ಹಳ್ಳಿಯ ಆಸ್ಪತ್ರೆಯಲ್ಲಿ ದಿನಕ್ಕೆ ಐದೇ ಸಿರಿಂಜು ಕೊಡುತ್ತಿದ್ದರು, ಅವುಗಳಲ್ಲೇ ನೂರಾರು ಜನಕ್ಕೆ ಚುಚ್ಚುತ್ತಿದ್ದರು. 318 ಜನಕ್ಕೆ ರೋಗ, 280 ಸಾವು. ಇದರಲ್ಲಿ ವೈರಸ್ಸಿನ ಪಾಲೆಷ್ಟು, ಬಡತನದ ಪಾಲೆಷ್ಟು, ನೀವೇ ಯೋಚಿಸಿ.

ಗುಣವಾದ ಮೇಲೂ ಅದು ಕಣ್ಣು, ವೃಷಣದಂಥ ಕಡೆ ತಿಂಗಳುಗಟ್ಟಲೆ ಅಡಗಿರಬಲ್ಲದು. 2014ರ ನವೆಂಬರಿನಲ್ಲಿ, ಲೈಬೀರಿಯಾದಲ್ಲಿ ಗುಣವಾಗಿ ಬಂದ ಭಾರತೀಯರೊಬ್ಬರನ್ನು ದೆಹಲಿ ವಿಮಾನ ನಿಲ್ದಾಣದಲ್ಲೇ ಪ್ರತ್ಯೇಕವಾಗಿ ಇಟ್ಟಿದ್ದರು. ರಕ್ತದಲ್ಲಿ ಇಲ್ಲ, ವೀರ್ಯದಲ್ಲಿ ಇತ್ತು. 2021ರಲ್ಲಿ ಗಿನಿಯಲ್ಲಿ ಮತ್ತೆ ರೋಗ ಎದ್ದಾಗ ವೈರಸ್ಸಿನ ಜೀನ್‌ಗಳನ್ನು ಓದಿದರೆ, ಅವು ಐದಾರು ವರ್ಷ ಹಿಂದಿನದಕ್ಕಿಂತ ಹೆಚ್ಚೇನೂ ಬದಲಾಗಿರಲಿಲ್ಲ. ಬಾವಲಿಯಿಂದ ಹೊಸದಾಗಿ ಬಂದದ್ದಲ್ಲ, ಬದುಕುಳಿದವರೊಬ್ಬರಲ್ಲಿ ಅಷ್ಟು ದಿನ ಮಲಗಿತ್ತು ಅಂತಲೇ ತೀರ್ಮಾನವಾಯಿತು.

ಬದುಕುಳಿದವರಿಂದಲೇ ಔಷಧಿಯೂ ಬಂತು. 1995ರಲ್ಲಿ ಕಾಂಗೋದ ಕಿಕ್ವಿಟ್ ಪಟ್ಟಣದಲ್ಲಿ ರೋಗ ಬಂದು ಉಳಿದ ಒಬ್ಬರ ರಕ್ತದಿಂದ, ವರ್ಷಗಳ ನಂತರ ತೆಗೆದ ಆಂಟಿಬಾಡಿಗೆ ಅಮೆರಿಕ 2020ರಲ್ಲಿ ಒಪ್ಪಿಗೆ ಕೊಟ್ಟಿತು. ಅದು ಹೋಗಿ ಕೂರುವುದು ಎನ್‌ಪಿಸಿ1ಗೆ ಅಂಟಬೇಕಾದ ಜಾಗದಲ್ಲೇ. ಆದರೆ ಅದು ಎಬೋಲಾದ ಜೈರ್ ಪ್ರಭೇದಕ್ಕೆ ಮಾತ್ರ. 2022ರಲ್ಲಿ ಉಗಾಂಡಾದಲ್ಲಿ ಕಾಣಿಸಿಕೊಂಡದ್ದು ಸುಡಾನ್ ಪ್ರಭೇದ. ಅದರಲ್ಲೂ ಅವೇ ಏಳು ಜೀನ್, ಆದರೆ ಹೊರಗಿನ ಮುಳ್ಳು ಬೇರೆ. ಆ ಹೊತ್ತಿಗೆ ಅದಕ್ಕೆ ಒಪ್ಪಿಗೆ ಪಡೆದ ಔಷಧಿಯೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ರೋಗಿಗಳನ್ನು ಬೇರೆ ಇಟ್ಟು, ಅವರ ಜೊತೆಗಿದ್ದವರನ್ನು ಹುಡುಕಿ ಹುಡುಕಿ, ಜಿಲ್ಲೆಗಳ ನಡುವೆ ಓಡಾಟ ನಿಲ್ಲಿಸಿ, 2023ರ ಜನವರಿಗೆ ಅದನ್ನು ಮುಗಿಸಿದರು.