ಯುರೋಪಿನ ರೈಲಿಗೆ ಜನ ಮರಳಿದ್ದು ಹೇಗೆ?

2020ರಲ್ಲಿ ಕೋವಿಡ್ ಬಂದಾಗ ಐರೋಪ್ಯ ಒಕ್ಕೂಟದಲ್ಲಿ ರೈಲು ಪ್ರಯಾಣ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿದಿತ್ತು. 2023ರ ಹೊತ್ತಿಗೆ ಅದು ಕೋವಿಡ್‌ಗೆ ಮುಂಚಿನ ಮಟ್ಟವನ್ನೂ ದಾಟಿತು. ಆದರೆ ಜನ ರೈಲು ಬಿಟ್ಟಿದ್ದು, ಮತ್ತೆ ಹತ್ತಿದ್ದು ಹಳೆಯ ಕಥೆ.

ಬ್ರಿಟನ್ನನ್ನೇ ನೋಡಿ. ಕಾರುಗಳು ಜಾಸ್ತಿಯಾದಂತೆ ಅಲ್ಲಿನ ರೈಲ್ವೆ ನಷ್ಟಕ್ಕೆ ಬಿತ್ತು. 1963ರಲ್ಲಿ ಅಲ್ಲಿನ ರೈಲ್ವೆ ಮುಖ್ಯಸ್ಥ ರಿಚರ್ಡ್ ಬೀಚಿಂಗ್ ಕೊಟ್ಟ ವರದಿ, ಎರಡು ಸಾವಿರಕ್ಕೂ ಹೆಚ್ಚು ನಿಲ್ದಾಣಗಳನ್ನು ಮುಚ್ಚಿ ಎಂದಿತು. ಊರಿನ ಸಣ್ಣ ಮಾರ್ಗ ಹೋದರೂ ಜನ ದೊಡ್ಡ ನಿಲ್ದಾಣದವರೆಗೆ ಬಂದು ರೈಲು ಹತ್ತುತ್ತಾರೆ ಎಂಬ ಲೆಕ್ಕಾಚಾರವಿತ್ತು. ಹಾಗಾಗಲಿಲ್ಲ. ಮನೆಯಿಂದ ಕಾರು ತೆಗೆದವರು ನಿಲ್ದಾಣದ ಹತ್ತಿರ ಯಾಕೆ ನಿಲ್ಲಿಸುತ್ತಾರೆ, ಅಲ್ವಾ? 1982ರಲ್ಲಿ ಪ್ರಯಾಣಿಕರ ಸಂಖ್ಯೆ ತಳ ಕಂಡಿತು. ಬೀಚಿಂಗ್ ವರದಿಯ ನಂತರ ಮುಚ್ಚಿದ ಕೆಲವು ಮಾರ್ಗಗಳನ್ನು ಈಗ ಮತ್ತೆ ತೆರೆಯುತ್ತಿದ್ದಾರೆ. ಎಡಿನ್‌ಬರೋದ ದಕ್ಷಿಣಕ್ಕೆ 1969ರಲ್ಲಿ ನಿಂತಿದ್ದ ಮಾರ್ಗದ ಒಂದು ಭಾಗ 2015ರಲ್ಲಿ ಶುರುವಾಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಸ್ವಿಟ್ಜರ್‌ಲ್ಯಾಂಡ್ ಹಿಡಿದ ದಾರಿ. ಬ್ರಿಟನ್ ತಳ ಕಂಡ ಅದೇ 1982ರಲ್ಲಿ ಸ್ವಿಸ್ ರೈಲ್ವೆ, ಗಂಟೆಗೊಂದು ರೈಲು ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ಹೊರಡುವ ವೇಳಾಪಟ್ಟಿ ತಂದಿತು. 1987ರಲ್ಲಿ 'ಬಾನ್ 2000' (ಅಂದರೆ 'ರೈಲು 2000') ಯೋಜನೆಗೆ ಜನರೇ ಮತ ಹಾಕಿ ಒಪ್ಪಿಗೆ ಕೊಟ್ಟರು. ಅದರ ಗುಟ್ಟು ಸರಳ: ಬೇರೆ ಬೇರೆ ದಿಕ್ಕಿನ ರೈಲುಗಳು ದೊಡ್ಡ ನಿಲ್ದಾಣಕ್ಕೆ ಗಡಿಯಾರದಲ್ಲಿ ಗಂಟೆ ಹೊಡೆಯುವ ಸ್ವಲ್ಪ ಮುಂಚೆ ಬರಬೇಕು, ಹೊಡೆದ ಮೇಲೆ ಹೊರಡಬೇಕು. ಆಗ ರೈಲು ಬದಲಿಸಲು ಹೆಚ್ಚು ಕಾಯಬೇಕಿಲ್ಲ. ಇದಕ್ಕಾಗಿ ಜ್ಯೂರಿಕ್–ಬರ್ನ್ ಪ್ರಯಾಣ ಒಂದು ಗಂಟೆಯೊಳಗೆ ಮುಗಿಯಬೇಕಿತ್ತು. ಹೊಸ ಹಳಿ ಹಾಕಿ 2004ರಲ್ಲಿ ಅದನ್ನೂ ಸಾಧಿಸಿದರು. ವೇಗದ ದಾಖಲೆ ಅವರಿಗೆ ಬೇಕಿರಲಿಲ್ಲ. ಇವತ್ತು ಯುರೋಪಿನಲ್ಲಿ ತಲಾವಾರು ಅತಿ ಹೆಚ್ಚು ರೈಲು ಪ್ರಯಾಣ ಮಾಡುವವರು ಸ್ವಿಸ್ ಜನ.

ಫ್ರಾನ್ಸ್ 1981ರಲ್ಲಿ, ಸ್ಪೇನ್ 1992ರಲ್ಲಿ ಅತಿವೇಗದ ರೈಲುಗಳತ್ತ ಹೊರಳಿದವು.

ಪೂರ್ವ ಯುರೋಪಿನಲ್ಲಿ ಪೆಟ್ಟು ಜೋರಾಗಿತ್ತು. ಪೋಲೆಂಡ್‌ನಲ್ಲಿ 1990ರಲ್ಲಿ ಸುಮಾರು 79 ಕೋಟಿ ಇದ್ದ ವಾರ್ಷಿಕ ಪ್ರಯಾಣ, 2010ರ ಹೊತ್ತಿಗೆ 26 ಕೋಟಿಗೆ ಕುಸಿಯಿತು. ಕಾರು ಕೈಗೆಟುಕಿತು, ಹಳಿಗಳ ರಿಪೇರಿಗೆ ದುಡ್ಡಿರಲಿಲ್ಲ, ರೈಲುಗಳು ನಿಧಾನವಾದವು. ಐರೋಪ್ಯ ಒಕ್ಕೂಟದ ಹಣದಿಂದ ಹಳಿ, ಬೋಗಿ ಸುಧಾರಿಸಿದ ಮೇಲೆ ಜನ ಬಂದರು; 2024ರಲ್ಲಿ ಸಂಖ್ಯೆ 40 ಕೋಟಿ ದಾಟಿತು.

ಜರ್ಮನಿಯದು ಬೇರೆಯೇ ಪಾಡು. 2022ರ ಬೇಸಿಗೆಯಲ್ಲಿ ತಿಂಗಳಿಗೆ 9 ಯೂರೋ ಕೊಟ್ಟು ಸ್ಥಳೀಯ ರೈಲು, ಬಸ್ಸುಗಳಲ್ಲಿ ಎಷ್ಟು ಬೇಕಾದರೂ ಓಡಾಡುವ ಟಿಕೆಟ್‌ಗೆ ಜನ ಮುಗಿಬಿದ್ದರು. ಆದರೆ ಹಳಿಗಳು ಹಳೆಯವು, ರೈಲುಗಳು ತಡ. ಹಾಗಾಗಿ 2024ರಲ್ಲಿ ಫ್ರಾಂಕ್‌ಫರ್ಟ್–ಮಾನ್‌ಹೈಮ್ ಮಾರ್ಗವನ್ನು ಐದು ತಿಂಗಳು ಪೂರ್ತಿ ಮುಚ್ಚಿ ರಿಪೇರಿ ಮಾಡಿದರು. 2025ರ ಆಗಸ್ಟ್‌ನಲ್ಲಿ ಹ್ಯಾಂಬರ್ಗ್–ಬರ್ಲಿನ್ ಮಾರ್ಗದ ಸರದಿ ಬಂತು.