ಮಗುವಿನ ಕಾಲಿಗೆ ಕಟ್ಟಿದ ರಿಬ್ಬನ್

ತೊಟ್ಟಿಲ ಮೇಲೆ ಆಟಿಕೆ ತೂಗುಹಾಕಿ, ನಾವೇ ಅಲ್ಲಾಡಿಸಿ ಮಗುವನ್ನು ಸುಮ್ಮನಾಗಿಸುತ್ತೇವೆ ಅಲ್ವಾ? 1960ರ ದಶಕದಲ್ಲಿ ಅಮೆರಿಕದ ಮನಃಶಾಸ್ತ್ರಜ್ಞೆ ಕ್ಯಾರೊಲಿನ್ ರೋವೀ-ಕಾಲಿಯರ್ ಕೂಡ ಅದನ್ನೇ ಮಾಡುತ್ತಿದ್ದರು. ಕೈ ನಿಲ್ಲಿಸಿದರೆ ಮಗ ಅಳುತ್ತಿದ್ದ. ಅವರಿಗೋ ಓದು ಬಾಕಿ. ಕೊನೆಗೆ ಬಟ್ಟೆಯ ಪಟ್ಟಿಯೊಂದನ್ನು ಅವನ ಕಾಲಿನಿಂದ ಆಟಿಕೆಗೆ ಕಟ್ಟಿದರು. ಒದ್ದರೆ ಆಟಿಕೆ ಕುಣಿಯುತ್ತದೆ! ಮಗ ಮತ್ತೆ ಮತ್ತೆ ಒದ್ದ.

ಅಲ್ಲಿಯವರೆಗೆ ಮಕ್ಕಳನ್ನು ಸುಮ್ನೆ ನೋಡುವುದೇ ಜಾಸ್ತಿ. ಡಾರ್ವಿನ್ ತಮ್ಮ ಮೊದಲ ಮಗನ ಬಗ್ಗೆ ಬರೆದಿಟ್ಟಿದ್ದನ್ನು 1877ರಲ್ಲಿ ಪ್ರಕಟಿಸಿದರು. 1950ರ ದಶಕದಲ್ಲಿ ರಾಬರ್ಟ್ ಫ್ಯಾಂಟ್ಜ್ ಮಲಗಿದ ಮಗುವಿಗೆ ಎರಡು ಚಿತ್ರ ತೋರಿಸಿ, ಯಾವುದನ್ನು ಹೆಚ್ಚು ಹೊತ್ತು ನೋಡುತ್ತದೆ ಎಂದು ಅಳೆದರು. ಒಳ್ಳೆಯ ಉಪಾಯವೇ. ಆದರೆ ಅಲ್ಲಿ ಮಗು ನೋಡುತ್ತದೆ, ಏನನ್ನೂ ಬದಲಿಸುವುದಿಲ್ಲ.

ರಿಬ್ಬನ್ ಪ್ರಯೋಗ 1969ರಲ್ಲಿ ಪ್ರಕಟವಾಯಿತು. ಮೂರು ತಿಂಗಳ ಮಕ್ಕಳು ಕೆಲವೇ ನಿಮಿಷಗಳಲ್ಲಿ ಒದೆತ ಹೆಚ್ಚಿಸಿದವು. ಬೇರೆಯವರು ಆಟಿಕೆ ಆಡಿಸಿದಾಗ ಹಾಗಾಗಲಿಲ್ಲ. ನನಗೆ ಇದೇ ದೊಡ್ಡ ತಿರುವು ಅನ್ನಿಸುತ್ತದೆ. ಮಾತು ಬಾರದ ಕೂಸಿಗೂ 'ಇದು ನನ್ನಿಂದಲೇ ಆಗುತ್ತಿದೆ' ಎಂಬ ಸುಳಿವು ಸಿಗುತ್ತದೆ. ಆ ವಯಸ್ಸಿನ ಮಕ್ಕಳು ಅದನ್ನು ಸುಮಾರು ಒಂದು ವಾರ ನೆನಪಿಟ್ಟುಕೊಳ್ಳುತ್ತವೆ ಎಂದೂ ಮುಂದೆ ತಿಳಿಯಿತು.

ಇದಕ್ಕೂ ಮೊದಲು, 1960ರಲ್ಲಿ, ಎಲೀನರ್ ಗಿಬ್ಸನ್ ಮತ್ತು ರಿಚರ್ಡ್ ವಾಕ್ ಗಾಜು ಹಾಸಿದ ಮೇಜಿನ ಪ್ರಯೋಗ ಪ್ರಕಟಿಸಿದ್ದರು. ಒಂದು ಕಡೆ ಗಾಜಿನ ಕೆಳಗೇ ಚೌಕುಳಿ ಬಟ್ಟೆ, ಇನ್ನೊಂದು ಕಡೆ ಅದೇ ಬಟ್ಟೆ ಆಳದಲ್ಲಿ, ನೆಲದ ಮೇಲೆ. ಆ ಆಳದ ಕಡೆಯಿಂದಲೂ ಅಮ್ಮ ಕರೆಯುತ್ತಾಳೆ. 36 ಮಕ್ಕಳಲ್ಲಿ 27 ಮಕ್ಕಳು ತಮ್ಮನ್ನು ಕೂರಿಸಿದ್ದ ನಡುವಿನ ಹಲಗೆ ಬಿಟ್ಟು ಹೊರಟವು. ಆಳದ ಮೇಲೆ ಹೋದದ್ದು ಮೂರೇ. ಹಾಗಾದರೆ ಆಳದ ಅಂಜಿಕೆ ಹುಟ್ಟಿನಿಂದಲೇ ಬರುತ್ತದೆಯೇ? ಜೋಸೆಫ್ ಕ್ಯಾಂಪೋಸ್ ಮತ್ತು ಜೊತೆಗಾರರು ನೋಡಿದಾಗ, ವಯಸ್ಸಿಗಿಂತ ಅಂಬೆಗಾಲಿಟ್ಟು ಎಷ್ಟು ದಿನವಾಯಿತು ಎಂಬುದೇ ಮುಖ್ಯವಾಗಿತ್ತು. ಓಡಾಡಿದ ಮಗುವೇ ಹೆಚ್ಚು ಹಿಂಜರಿಯುತ್ತಿತ್ತು. ಆಳ ಅಷ್ಟೇನಿಲ್ಲದಿದ್ದಾಗ ಅಮ್ಮನ ಮುಖ ನೋಡಿ ತೀರ್ಮಾನಿಸುತ್ತಿತ್ತು ಎಂಬುದು 1985ರ ಇನ್ನೊಂದು ಪ್ರಯೋಗ. ನಗುಮುಖ ಕಂಡ 19 ಮಕ್ಕಳಲ್ಲಿ 14 ದಾಟಿದವು. ಹೆದರಿದ ಮುಖ ಕಂಡ 17ರಲ್ಲಿ ಒಂದೂ ದಾಟಲಿಲ್ಲ.

ಈಗ ಸಂಶೋಧಕರು ಮಗುವನ್ನು ಅದರ ಪಾಡಿಗೆ ಆಡಲು ಬಿಡುತ್ತಾರೆ. ನ್ಯೂಯಾರ್ಕ್‌ನ ಕ್ಯಾರೆನ್ ಅಡಾಲ್ಫ್ ತಂಡ 2012ರಲ್ಲಿ ಎಣಿಸಿದಂತೆ, ನಡೆಯಲು ಕಲಿಯುವ ಮಗು ಗಂಟೆಗೆ ಸರಾಸರಿ 2,368 ಹೆಜ್ಜೆ ಇಡುತ್ತದೆ, 17 ಸಲ ಬೀಳುತ್ತದೆ. ಪುಟ್ಟ ಕ್ಯಾಮೆರಾವನ್ನು ಮಗುವಿನ ತಲೆಗೇ ಕಟ್ಟಿ ನೋಡುವವರೂ ಇದ್ದಾರೆ. ಮೊದಲ ತಿಂಗಳುಗಳ ಚಿತ್ರಗಳಲ್ಲಿ ಮುಖಗಳೇ ಜಾಸ್ತಿ. ಎರಡನೇ ವರ್ಷಕ್ಕೆ ಬರುವಾಗ ಕೈಗಳು ಹೆಚ್ಚಾಗುತ್ತವೆ: ಏನನ್ನೋ ಹಿಡಿದ, ತಿರುಗಿಸುವ, ಕೊಡುವ ಕೈಗಳು.