‘ತೀರ್ಪೊಂದು ಬರಲಿ, ಸರಿಹೋಗ್ತಾನೆ’

‘ತೀರ್ಪೊಂದು ಬರಲಿ ಡಾಕ್ಟ್ರೇ, ಸರಿಹೋಗ್ತಾನೆ.’ ಕೊಲೆಯಾದವರ ಮಗನನ್ನೋ ಮಗಳನ್ನೋ ಕರೆತರುವ ಸೋದರಮಾವಂದಿರು ನನ್ನೆದುರು ಕೂತು ಹೇಳುವ ಮೊದಲ ಮಾತೇ ಇದು. ಹೇಳುವುದು ಅಕ್ಕರೆಯಿಂದಲೇ. ಕೇಳಿ ಕೇಳಿ ನನಗಂತೂ ಸಾಕಾಗಿದೆ.

ಕಾಯಿಲೆಯಿಂದ ತೀರಿಕೊಂಡ ಅಪ್ಪನನ್ನು ನೆನೆದರೆ ಅಪ್ಪ ಕಣ್ಣಮುಂದೆ ಬರುತ್ತಾರೆ. ಕೊಲೆಯಾದ ಅಪ್ಪನನ್ನು ನೆನೆದರೆ ಎಷ್ಟೋ ಮಕ್ಕಳಿಗೆ ಮೊದಲು ಬರುವುದು ಕೊಲೆ. ಆ ಹೊತ್ತಿಗೆ ಅಲ್ಲಿ ಇರಲೇ ಇಲ್ಲದಿದ್ದರೂ ಮನಸ್ಸು ತಾನೇ ದೃಶ್ಯ ಕಟ್ಟಿ ರಾತ್ರಿಯೆಲ್ಲ ತೋರಿಸುತ್ತದೆ. ಅಪ್ಪನಿಗಾಗಿ ಅಳಬೇಕೆಂದರೂ ಅದನ್ನು ದಾಟಿಯೇ ಹೋಗಬೇಕು. ಹಾಗಾಗಿ ಅಳುವುದನ್ನೇ ಮುಂದೂಡುತ್ತಾರೆ. ಅದಕ್ಕೆ ಕೋರ್ಟು ಒಳ್ಳೆಯ ನೆಪ: ವಾಯಿದೆ, ವಕೀಲರ ಫೀಸು, ಸಾಕ್ಷಿಗಳ ಹಿಂದೆ ಓಡಾಟ. ಮನೆಯವರು ‘ಹುಡುಗ ಗಟ್ಟಿಗ’ ಎಂದು ಬೀಗುತ್ತಾರೆ.

ಒಬ್ಬ ಹುಡುಗ (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ) ಐದು ವರ್ಷ ಹೀಗೇ ಓಡಾಡಿದ. ಕಟಕಟೆ ಹತ್ತಿದ ದಿನ ಮುದ್ದೆಮಾಲಿನ (ಪೊಲೀಸರು ವಶಪಡಿಸಿಕೊಂಡ ವಸ್ತುಗಳ) ಪೊಟ್ಟಣ ಬಿಚ್ಚಿ, ‘ಇದು ನಿಮ್ಮ ತಂದೆಯ ಅಂಗಿಯೇನ್ರೀ?’ ಎಂದರಂತೆ. ಕಂದು ತಿರುಗಿದ ಕಲೆ ನೋಡಿ ಅವನಿಗೇನೂ ಆಗಲಿಲ್ಲ. ಎರಡನೇ ಗುಂಡಿಯನ್ನು ಅಮ್ಮ ಕಪ್ಪು ದಾರದಲ್ಲಿ ಹೊಲಿದಿದ್ದರು. ಅದು ಕಂಡದ್ದೇ ಬಾಯಿ ಕಟ್ಟಿತು. ಜೀವಾವಧಿ ಶಿಕ್ಷೆಯಾದ ದಿನ ನೆಂಟರು ಪೇಡ ಹಂಚಿದರು. ಮೂರು ವಾರ ಕಳೆದು ನನ್ನ ಬಳಿ ಬಂದ ಅವನ ಪ್ರಶ್ನೆ: ‘ಇನ್ಮೇಲೆ ಬೆಳಿಗ್ಗೆ ಎದ್ದು ಏನ್ ಮಾಡ್ಲಿ ಡಾಕ್ಟ್ರೇ?’

ನ್ಯಾಯ ಬೇಡವೆನ್ನುತ್ತಿಲ್ಲ. ಕೊಂದವನು ಅದೇ ಬೀದಿಯಲ್ಲಿ ಓಡಾಡಿಕೊಂಡಿದ್ದರೆ ಭಯ ಇಳಿಯುವುದೂ ಕಷ್ಟವೇ. ಆದರೆ ತೀರ್ಪಿನ ದಾರಿ ನೋಡುತ್ತ ದುಃಖವನ್ನು ಹೊರಗೆ ಕೂರಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11ರ ಪ್ರಕಾರ, ತೀರದ ಶೋಕವನ್ನು ಕಾಯಿಲೆಯೆನ್ನಲು ಕನಿಷ್ಠ 6 ತಿಂಗಳಾಗಿರಬೇಕು. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂನಲ್ಲಿ ದೊಡ್ಡವರಿಗೆ 12. ನಮ್ಮಲ್ಲಿ ವರ್ಷದ ತಿಥಿ ಮುಗಿದರೂ ಎಷ್ಟೋ ಕೇಸುಗಳಲ್ಲಿ ಸಾಕ್ಷಿ ವಿಚಾರಣೆಯೇ ಶುರುವಾಗಿರುವುದಿಲ್ಲ. ಬರೀ ತಿಂಗಳೆಣಿಸಿ ಹಣೆಪಟ್ಟಿ ಹಚ್ಚಲು ನನಗೆ ಮನಸ್ಸಾಗುವುದಿಲ್ಲ. ಎಲ್ಲರಿಗೂ ಚಿಕಿತ್ಸೆ ಬೇಕೆಂದೂ ಇಲ್ಲ. ಆದರೆ ನಿದ್ದೆಗೆಟ್ಟು ಕೆಲಸವೂ ನಿಂತುಹೋದರೆ, ಸಾಯುವ ಮಾತು ಬಂದರೆ ತಡಮಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಆ ಹುಡುಗನಿಗೆ ನಾನು ಕೊಲೆಯ ವಿಷಯ ಕೇಳಲಿಲ್ಲ, ಗುಂಡಿಯ ವಿಷಯ ಕೇಳಿದೆ. ಬಿಳಿ ಅಂಗಿಗೆ ಕಪ್ಪು ದಾರವೇ ಎಂದು ಅಪ್ಪ ರೇಗಿದ್ದನ್ನು ಹೇಳುತ್ತ ನಕ್ಕ. ಆಮೇಲೆ ಮುಕ್ಕಾಲು ಗಂಟೆ ಅತ್ತ. ಹೊರಗಿದ್ದ ಸೋದರಮಾವ ಗಾಬರಿಯಾಗಿ ಬಾಗಿಲು ತಟ್ಟಿದರು. ಒಂದು ಲೋಟ ನೀರು ತನ್ನಿ ಎಂದೆ.